ಹಳೇ ಹಾಡು, ಐದು ದನಿ, ಗಂಜಿನ ಖಾಲಿ ಗೋಡೌನ್

ಕಲಬುರಗಿ ನೆಹರು ಗಂಜ್ ಕಡಿ ಬಂದೋರಿಗೆ ಗೊತ್ತಿರ್ತದ, ತೊಗರಿ ಸೀಸನ್‌ದಾಗ ಅಲ್ಲಿ ಗೋಡೌನ್ ಒಳಗ ಕಾಲಿಡ್ಲಾಕ ಜಾಗ ಇರಲ್ಲ, ಡಿಸೆಂಬರ್ ಜನವರಿಗೆ ಹೊಸ ಮಾಲು ಬಂದ್ರ ಚೀಲದ ಮ್ಯಾಲ ಚೀಲ ಛತ್ತಿನ ತನಕ ಹೋಗ್ತದ. ಅದೇ ಗೋಡೌನ್ ಮಳಿಗಾಲದ ಹೊತ್ತಿಗಿ ಖಾಲಿ. ಆಗ ನಡುವ ನಿಂತು ಒಂದು ಚಪ್ಪಾಳಿ ಹೊಡದ್ರ ಗ್ವಾಡಿಗಿ ಬಡದು ತಿರುಗಿ ಬರ್ತದ, ದನಿ ಹಾಕಿದ್ರ ಅದು ಸಾಯ್ಲಾಕ ಟೈಮ್ ತಗೋತದ. ನಾವು ಹಾಡೋದು ಆ ತಿಂಗಳದಾಗ, ಆ ಜಾಗದಾಗ, ರಾತ್ರಿ ಮಿಲ್ ಬಂದ್ ಆದ ಮ್ಯಾಲ. ಚೀಲ ತುಂಬಿದ ಗೋಡೌನ್ ದನೀನ ನುಂಗಿಬಿಡ್ತದ, ಹಂಗಾಗಿ ನಮ್ ಸೀಸನ್ ತೊಗರಿ ಸೀಸನ್ನಿಗಿ ಉಲ್ಟಾ.

ನಾವು ಅಂದ್ರ ಐದು ಮಂದಿ. ನಾ ದಾಲ್ ಮಿಲ್‌ನಾಗ ರೋಲರ್ ಮಶೀನ್ ನೋಡ್ಕೊಳ್ಳಾವ. ನಮ್ ಮಿಲ್ಲಿನಾಗೇ ಬ್ಯಾಳಿ ಆರಿಸೋ ಅಕ್ಕ ಒಬ್ರು, ಗಂಜಿನ ಹಮಾಲಿ ಕಾಕಾ ಒಬ್ರು, ದರ್ಗಾ ಕಡಿ ಅಂಗಡಿ ಇರೋ ದರ್ಜಿ ಚಾಚಾ, ಮತ್ತ ಒಬ್ಬ ಆಟೋ ಓಡಿಸೋ ಹುಡುಗ. ವಾದ್ಯ ಏನೂ ಇಲ್ಲ. ಹಾಡೋದು ಹಳೇ ಕನ್ನಡ ಪಿಚ್ಚರ್ ಹಾಡು, ನಮ್ ಅಪ್ಪ ಅವ್ವ ಕೆಲಸ ಮಾಡ್ತಾ ಕೇಳಿದಂಥವು, ಆದ್ರ ಎಲ್ಲರೂ ಒಂದೇ ಸ್ವರ ಹಾಡಲ್ಲ, ಅಕ್ಕ ಹಾಡು ಹಾಡ್ತಾರ, ಉಳಿದ ನಾಕು ಮಂದಿ ಬ್ಯಾರೆ ಬ್ಯಾರೆ ಸ್ವರ ಹಿಡಿದು ಕೆಳಗಿಂದ, ಮ್ಯಾಲಿಂದ ಅದಕ್ಕ ಆಸರ ಕೊಡ್ತಾರ.

ಈ ಪದ್ಧತಿ ನಂಗ ಸಿಕ್ಕಿದ್ದು ಅಮೇರಿಕಾದ ಡೂ-ವಾಪ್ ಹಾಡಿಂದ. ಮೊಬೈಲ್‌ನಾಗ ಕೇಳ್ತಾ ಕೇಳ್ತಾ ಅದರ ಹಿಂದ ಬಿದ್ದೆ. 1940ರ ಕೊನಿ ಮತ್ತ 1950ರ ದಶಕದಾಗ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ಶಿಕಾಗೋ ಇಂಥಾ ಊರಾಗ ಕಪ್ಪು ಜನಾಂಗದ ಹುಡುಗ್ರು ಓಣಿ ಮೂಲಿಯೊಳಗ ನಿಂತು ಹಾಡ್ತಿದ್ರು. ಅವರ ಮನಿ ಮಂದಿ ಎಷ್ಟೋ ಜನ ದಕ್ಷಿಣದ ಹೊಲ ಬಿಟ್ಟು ಫ್ಯಾಕ್ಟರಿ ಕೆಲಸ ಹುಡಕೊಂಡು ಬಂದೋರು, ನಮ್ ಕಲಬುರಗಿ ಯಾದಗಿರಿ ಮಂದಿ ಮುಂಬೈ ಪುಣೆಗೆ ಗುಳೆ ಹೋದಂಗ. ವಾದ್ಯ ಕೊಳ್ಳೋ ರೊಕ್ಕ ಇರಲಿಲ್ಲ, ಅದಕ್ಕ ದಪ್ಪ ದನಿಯ ಬಾಸ್ ವಾದ್ಯದ ಕೆಲಸ ಒಬ್ಬನ ಗಂಟಲು ಮಾಡ್ತಿತ್ತು, ಸ್ಯಾಕ್ಸೋಫೋನ್ ಕೆಲಸ ಇನ್ನೊಬ್ಬನದು. ದನಿ ಗುಂಯ್‌ಗುಡಲಿ ಅಂತ ಮೆಟ್ಟಿಲ ಕೆಳಗ, ರೈಲ್ವೇ ಸುರಂಗದಾಗ ಹೋಗಿ ಹಾಡ್ತಿದ್ರು. ಫೈವ್ ಸ್ಯಾಟಿನ್ಸ್ ಅನ್ನೋ ತಂಡ 1956ರಾಗ ಹೆಸರು ಮಾಡಿದ ಹಾಡನ್ನ ರೆಕಾರ್ಡ್ ಮಾಡಿದ್ದು ನ್ಯೂ ಹೇವನ್ ಊರಿನ ಒಂದು ಚರ್ಚಿನ ನೆಲಮಾಳಿಗಿಯೊಳಗ. ಅದನ್ನ ಓದಿದ ಮ್ಯಾಲೇ ನಂಗ ನಮ್ ಗೋಡೌನ್ ನೆನಪಾಗಿದ್ದು, ಸಾಹುಕಾರ್ರನ್ನ ಕೇಳ್ದೆ, ಕೀಲಿ ಕೊಟ್ರು.

ಈಗ ಹೆಂಗ ಮಾಡಿದ್ವಿ ಅನ್ನೋದು ಹೇಳ್ತೀನಿ, ಯಾಕಂದ್ರ ಇದನ್ನ ಯಾರ್ ಬೇಕಾದ್ರೂ ಮಾಡಬಹುದು.

ಮೊದಲು ಬಂದ ತೊಂದ್ರಿ ಅಂದ್ರ ನಮ್ ಕಿವಿಯ ರೂಢಿ. ನಮ್ ಕಡಿ ಭಜನಿ ಒಳಗ ಒಬ್ರು ಕಡಕೋಳ ಮಡಿವಾಳಪ್ಪನ ಪದ ಎತ್ತಿದ್ರಂದ್ರ ಮ್ಯಾಳದವರೆಲ್ಲ ಅದೇ ಧಾಟಿ ಅದೇ ಸ್ವರದಾಗ ಹಿಡೀತಾರ, ಏಕತಾರಿ ದಮ್ಮಡಿ ತಾಳ ಎಲ್ಲಾ ಒಂದಾಗಿ ಹೋಗ್ತದ, ಅದರ ಶಕ್ತಿನೇ ಬ್ಯಾರೆ. ಹಂಗಾಗಿ ಬ್ಯಾರೆ ಸ್ವರ ಹಿಡಿ ಅಂದ್ರ ಒಂದು ಸಾಲು ಮುಗಿಯೋದ್ರೊಳಗ ಎಲ್ಲರೂ ಜಾರಿ ಅಕ್ಕನ ಧಾಟಿಗೇ ಬಂದು ಕೂಡ್ತಿದ್ರು. ಅದಕ್ಕ ಹಾಡು ಪೂರಾ ಬಿಟ್ಟು ಬರೇ ಸ್ವರ ನಿಲ್ಲಿಸೋದು ಶುರು ಮಾಡಿದ್ವಿ. ಡೂ-ವಾಪ್ ಹಾಡಿನೊಳಗ ಭಾಳಷ್ಟು ನಾಕು ಸ್ವರಮೇಳದ (ಅಂದ್ರ ಮೂರು ಸ್ವರ ಒಟ್ಟಿಗಿ ಹಿಡಿಯೋದು) ಮ್ಯಾಲ ಸುತ್ತತಾವ, ಅದನ್ನ ನಮ್ ಸರಿಗಮದಾಗ ಹೇಳಬೇಕಂದ್ರ ಮೊದಲನೇದು ಸ-ಗ-ಪ, ಎರಡನೇದು ದ-ಸ-ಗ, ಮೂರನೇದು ಮ-ದ-ಸ, ನಾಕನೇದು ಪ-ನಿ-ರಿ, ಎಲ್ಲಾ ಶುದ್ಧ ಸ್ವರ. ಚಾಚಾಗ ಮೂರು ಮೇಳಕ್ಕೂ ಸ ಮ್ಯಾಲೇ ನಿಲ್ಲೋದು, ನಾಕನೇದಕ್ಕ ಮಾತ್ರ ಒಂದು ಮೆಟ್ಟಿಲು ಇಳದು ನಿ. ನಂದು ಗ, ಮತ್ತ ಗ, ಆಮ್ಯಾಲ ಮ, ಕೊನಿಗೆ ರಿ. ಆಟೋ ಹುಡುಗ ಕಳ್ಳದನಿಯೊಳಗ, ಅಂದ್ರ ದನಿ ಸಣ್ಣ ಮಾಡಿ, ಮ್ಯಾಲ ಪ-ದ-ದ-ಪ. ಕಾಕಾ ಕೆಳಗ ಸ-ದ-ಮ-ಪ. ಇಷ್ಟೇ. ಒಬ್ಬೊಬ್ಬರಿಗೆ ನೆನಪಿಡಬೇಕಾದ್ದು ಎರಡು ಮೂರು, ಭಾಳಂದ್ರ ನಾಕು ಸ್ವರ, ಸಂಗೀತ ಕಲ್ತಿರಬೇಕಂತ ಏನಿಲ್ಲ.

ಯಾವಾಗ ಬದಲಿಸಬೇಕು ಅನ್ನೋದಕ್ಕ ಬೆರಳು ತೋರಸ್ತೀವಿ. ಮಿಲ್‌ನಾಗ ರೋಲರ್, ಎಲಿವೇಟರ್, ಜಾಳಿಗಿ ಎಲ್ಲಾ ಒಂದೇ ಸಲ ನಡದಾಗ ಬಾಜೂದಾಂವ ಒದರಿದ್ರೂ ಕೇಳಲ್ಲ, ಅಲ್ಲಿ ನಮ್ ಮಾತೆಲ್ಲ ಕೈಸನ್ನಿ, ಬೆಲ್ಟ್ ನಿಲ್ಸು, ಮಾಲು ಕಮ್ಮಿ ಬಿಡು, ಹೊಟ್ಟು ತುಂಬ್ಯಾದ ಅಂತ. ಅದೇ ರೂಢಿ ಇಲ್ಲಿ ಕೆಲಸಕ್ಕ ಬಂತು, ಒಂದು ಬೆರಳು ಅಂದ್ರ ಮೊದಲನೇ ಮೇಳ, ಎರಡು ಬೆರಳು ಎರಡನೇದು. ಗುಂಡಗ ನಿಲ್ತೀವಿ, ಎಲ್ಲರಿಗೂ ಎಲ್ಲರ ಮುಖ ಕಾಣಬೇಕು. ಮತ್ತ ಒಂದು ಮಾತು, ನಮ್ ದನಿಗಿಂತ ಬಾಜೂದವರ ದನಿ ಜೋರು ಕೇಳಬೇಕು ಅನ್ನೋದು ನಮ್ ಕಾಯ್ದೆ, ಕೇಳಲಿಲ್ಲ ಅಂದ್ರ ನೀ ಜೋರು ಹಾಡ್ಲತ್ತೀ ಅಂತ ಅರ್ಥ. ದಿನಾ ಪೂರ್ತಿ ಯಾರ ಮಾತೂ ಕೇಳದಂಥ ಸದ್ದಿನಾಗ ದುಡದು ಬಂದೋರಿಗೆ ಈ ಕೇಳೋದೇ ದೊಡ್ಡ ಆರಾಮ ನೋಡ್ರಿ, ಹಾಡೋದಕ್ಕಿಂತ ನಂಗ ಅದೇ ಹೆಚ್ಚು ಬೇಕಾಗ್ಯಾದ.

ಶ್ರುತಿ ಎಲ್ಲಿಂದ ತಗೊಂಡ್ವಿ ಅಂತ ಕೇಳಿದ್ರ, ಗೋಡೌನ್ ಹಿಂದಿನ ಟ್ರಾನ್ಸ್‌ಫಾರ್ಮರ್‌ದಿಂದ! ನಮ್ ದೇಶದ ಕರೆಂಟು ಸೆಕೆಂಡಿಗೆ 50 ಸೈಕಲ್, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡೋದು ಅದರ ಎರಡು ಪಟ್ಟು, 100. ಚಾಚಾ ಖವ್ವಾಲಿ ಮಂದಿ ಜೋಡಿ ಕುಂತು ಹಾಡಿದವರು, ಅವರ ಕಿವಿ ಭಾಳ ಚುರುಕು, ಒಂದಿನ ಸುಮ್ಮ ನಿಂತು ಕೇಳಿ "ಬೇಟಾ, ಇದು ಪ ಹಿಡದಾದ ನೋಡು" ಅಂದ್ರು. ಹಾರ್ಮೋನಿಯಂ ತಂದು ಕೂಡಿಸಿ ನೋಡಿದ್ವಿ, ಬಿಳಿ ಒಂದನ್ನ (ಹಾರ್ಮೋನಿಯಂನ C ಮನಿ) ಸ ಮಾಡಿಕೊಂಡ್ರ ಆ ಗುಂಯ್ ಮಂದ್ರದ ಪ ಸ್ವರಕ್ಕಿಂತ ಕೂದಲೆಳಿ ಮ್ಯಾಲ ಕೂಡ್ತದ. ಅವತ್ತಿಂದ ನಮ್ ತಂಬೂರಿ ಅದೇ. ಅಕ್ಕಗ ಬಿಳಿ ಒಂದು ಜರಾ ಏರು, ಅದಕ್ಕ ಮಂದ್ರದ ಪ ಸ್ವರದಿಂದ ಮಧ್ಯದ ದ ಸ್ವರ ದಾಟದಂಥ ಹಾಡೇ ಆರಸ್ತೀವಿ. ಗಮಕ ಭಾಳ ಇದ್ದ ಹಾಡೂ ಬಿಡ್ತೀವಿ, ಸ್ವರ ಓಡ್ಯಾಡ್ಲತ್ತಿದ್ರ ಕೆಳಗಿನ ಮೇಳ ಅದರ ಜೋಡಿ ಜಗಳಾಡ್ತದ.

ಕಾಕಾರ ಬಗ್ಗೆ ಹೇಳ್ಲೇಬೇಕು. ಅವರ ದನಿ ಭಾಳ ದಪ್ಪ, ಭಜನಿ ಒಳಗ ಏರು ಶ್ರುತಿ ಹಿಡದಾಗ ಅವರಿಗಿ ಮುಟ್ಲಾಕ ಆಗ್ತಿರಲಿಲ್ಲ, ಅದಕ್ಕ ಸಣ್ಣಂದಿನಿಂದ ಅವರ ಕೈಯಾಗ ತಾಳ ಕೊಟ್ಟು ಕೂಡಿಸಿಬಿಟ್ಟಿದ್ರು. "ನಂಗ ಹಾಡ್ಲಾಕ ಬರಲ್ಲ ತಮ್ಮಾ" ಅಂತ ಅವರು ಹೇಳಿದ್ದು ಸುಳ್ಳಲ್ಲ, ಅವರಿಗಿ ಹಂಗೇ ಗೊತ್ತಿತ್ತು. ನಾ ಅಂದೆ, ಕಾಕಾ ನೀವು ಹಾಡಬ್ಯಾಡ್ರಿ, ಚೀಲ ಹೊರೋ ಮೊದಲು ಹೂಂ ಅಂತೀರಲ್ಲ, ಆ ದನೀನ ನಾಕು ಜಾಗದಾಗ ಇಡ್ರಿ ಸಾಕು. "ಧುಮ್" ಅಂತ ಶುರು ಮಾಡಿದ್ರು. ಮಂದ್ರದ ಮ ಅವರಿಗೂ ಕಷ್ಟ, ಅಲ್ಲಿಗೆ ಬಂದಾಗ ಗದ್ದ ಎದಿಗಿ ಹಚ್ಚತಾರ, ಹೆಗಲ ಮ್ಯಾಲಿನ ಟವೆಲ್ ತಗದು ಕೈಯಾಗ ಸುತ್ತಕೋತಾರ, ಕಣ್ಣು ಮುಚ್ಚತಾರ, ಆಮ್ಯಾಲ ಆ ಸ್ವರ ಬರ್ತದ, ಬಂದಾಗ ಗೋಡೌನ್ ತಗಡಿನ ಬಾಗಲಾ ಝುಂ ಅಂತದ, ಕೈ ಇಟ್ರ ತಿಳೀತದ. 50 ಕಿಲೋ ಚೀಲ ಹೊತ್ತು ಹೊತ್ತು ಬಾಗಿದ ಆ ಮನಷ್ಯಾ ಇಲ್ಲಂದ್ರ ನಮ್ ಹಾಡು ನಿಲ್ಲಲ್ಲ ಅನ್ನೋದು ಅವತ್ತು ಐದೂ ಮಂದಿಗೆ ತಿಳೀತು, ಮೊದಲು ತಿಳದಿದ್ದು ಅವರಿಗೇ.

ಹಳೇ ಹಾಡೇ ಯಾಕ ಅಂತ ಹೊಸ ಹುಡುಗ್ರು ಕೇಳ್ತಾರ. ಅಕ್ಕನ ಮನಿಯೊಳಗ ರೇಡಿಯೋ ಇರಲಿಲ್ಲ, ಬಾಜೂ ಮನಿ ರೇಡಿಯೋ ಗ್ವಾಡಿ ಈಚಿಂದ ಕೇಳಿ ಹಾಡು ಕಲ್ತೋರು, ಹಂಗಾಗಿ ಅವರಿಗಿ ಮಾತಿಗಿಂತ ನಡು ನಡು ಬರೋ ವಯಲಿನ್ ಕೊಳಲಿನ ತುಣುಕು ಭಾಳ ನೆನಪವ. ಗ್ವಾಡಿಯೊಳಗಿಂದ ಮಾತು ತಿಳೀತಿರಲಿಲ್ಲ, ಧಾಟಿ ಕೇಳ್ತಿತ್ತು. ಆ ತುಣುಕುಗಳನ್ನ ಅವರು ಗುನುಗಿ ತೋರಿಸಿದ್ರು, ನಾನು ಚಾಚಾ ಅವನ್ನೇ ಬಾಯಿಲೆ ಹಾಡ್ತೀವಿ, ನಮ್ ಹಾಡಿನೊಳಗ ಮಂದಿಗೆ ಭಾಳ ಹಿಡಿಸೋದು ಅದೇ ಭಾಗ. ಆಕಾಶವಾಣಿ ಗುಲ್ಬರ್ಗಾ 1966ರಾಗ ಶುರುವಾದದ್ದು, ಕೋರಿಕೆ ಹಾಡು ಬಂದಾಗ ಮೊದಲು ಊರ ಹೆಸರು, ಆಮ್ಯಾಲ ಕಾರ್ಡ್ ಬರದವರ ಹೆಸರು ಓದ್ತಿದ್ರು. ಹಾಜರಿ ಪುಸ್ತಕ ಬಿಟ್ರ ಬ್ಯಾರೆ ಎಲ್ಲೂ ಹೆಸರು ಕರೀದ ಮಂದಿಗೆ ಅದು ಸಣ್ಣ ಮಾತಲ್ಲ.

ಅಲ್ಲಿ ಅಮೇರಿಕಾದಾಗೂ ಇದೇ ಕಥಿ. ಲಾಸ್ ಏಂಜಲಿಸ್ ರೇಡಿಯೋದಾಗ ಆರ್ಟ್ ಲಾಬೋ ಅಂತ ಇದ್ರು, ಹಳೇ ಹಾಡು ಕೂಡಿಸಿ 1959ರಾಗೇ ರೆಕಾರ್ಡ್ ತಂದವರು, ಫೋನ್ ಮಾಡಿದವರ ಹೆಸರು ಹೇಳಿ ಅವರ ಹೆಂಡ್ತಿಗೋ ಗಂಡಗೋ ಹಾಡು ಹಾಕ್ತಿದ್ರು. ಕೇಳೋರು ಭಾಳ ಮಂದಿ ಮೆಕ್ಸಿಕೋ ಮೂಲದ ದುಡಿಯೋ ಜನ, ಜೈಲಿನಾಗ ಇದ್ದ ಮಗನಿಗೆ ಅಂತ ಹಾಡು ಕೇಳೋ ತಾಯಂದ್ರು. 2022ರಾಗ 97ನೇ ವಯಸ್ಸಿಗಿ ತೀರಿಕೊಂಡ್ರು. ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಬೆರಿ ಗಾರ್ಡಿನೂ ಮೊದಲು ಡೆಟ್ರಾಯಿಟ್ ಕಾರ್ ಫ್ಯಾಕ್ಟರಿಯ ಲೈನ್ ಮ್ಯಾಲ ದುಡದಾಂವ, ಕೈ ಕೆಲಸ ಮಾಡೋ ಹೊತ್ತಿಗಿ ತಲಿಯೊಳಗ ಧಾಟಿ ಕಟ್ಟತಿದ್ದ, 1959ರಾಗ ಮನಿಯವರ ಕಡಿಂದ 800 ಡಾಲರ್ ಸಾಲ ತಗೊಂಡು ಕಂಪನಿ ಶುರು ಮಾಡ್ದ. ಮಶೀನ್ ಮುಂದ ನಿಂತೋರಿಗೆ ಇದು ಗೊತ್ತದ, ಕೈ ಸಾಹುಕಾರಂದು, ತಲಿಯೊಳಗಿನ ಹಾಡು ನಮ್ಮದು.

ರಾತ್ರಿ ಲಾರಿಗೆ ಕಾಯೋ ಹಮಾಲರು ಈಗ ಬಾಗಲಾದಾಗ ಬಂದು ಕೂಡ್ತಾರ. ಒಂದಿನ ಹಾಡಿನ ನಡುವ ಅವರೊಳಗ ಒಬ್ರು ಸಣ್ಣಗ ಕಾಕಾನ ಸ್ವರ ಹಿಡಿದ್ರು, ಅಕ್ಕನ ಧಾಟಿ ಅಲ್ಲ, ಕೆಳಗಿಂದು. ಅವರನ್ನ ಒಳಗ ಕರದು ಕಾಕಾನ ಬಾಜೂ ನಿಲ್ಲಿಸ್ಯೀವಿ, ಹಿಂಗಾಗಿ ಈಗ ಧುಮ್ ಅನ್ನೋರು ಇಬ್ಬರು.

ಸದ್ಯಕ್ಕ ಒಂದು ತತ್ವಪದ ಕೂಡಸ್ಲತ್ತೀವಿ, ಅದರಾಗ ಗ ಮತ್ತ ನಿ ಕೋಮಲ ಅವ, ಹಂಗಾಗಿ ಹಳೇ ನಾಕು ಮೇಳ ನಡಿಯಲ್ಲ. ಸ ಮ್ಯಾಲ ಕೋಮಲ ಗ ಇಟ್ಟು ಒಂದು, ಮ-ದ-ಸ ಒಂದು, ಕೋಮಲ ನಿ-ರಿ-ಮ ಒಂದು, ಹಿಂಗ ಮೂರು ಮಾಡ್ಯೀವಿ, ಕಾಕಾಗ ಸ-ಮ-ನಿ ಬಂದದ. ಕೋಮಲ ನಿ ಜಾಗದಾಗ ಹುಡುಗ ಇನ್ನಾ ಜಾರತಾನ, ಅವನ ಸಾಲು ಬ್ಯಾರೆ ರೆಕಾರ್ಡ್ ಮಾಡಿ ವಾಟ್ಸಪ್‌ಗೆ ಹಾಕ್ಯೀನಿ, ಸೂಪರ್ ಮಾರ್ಕೆಟ್ ಸ್ಟ್ಯಾಂಡಿನಾಗ ಗಿರಾಕಿ ಕಾಯೋವಾಗ ಕಿವಿಗೆ ಹಚಗೊಂಡು ಕುಂತಿರ್ತಾನ. ಡಿಸೆಂಬರ್‌ದಾಗ ಚೀಲ ಬರೋದ್ರೊಳಗ ಇದು ಕೂಡಬೇಕು.