ಮೊದಲು ಊರು, ಆಮೇಲೆ ಟಿಕೆಟ್: ಜರ್ಮನ್ ಮೂಲ ಹುಡುಕಿದ ನನ್ನ ಅನುಭವ

ನನ್ನ ಗಂಡನ ಮನೆಯವರು ಮಿಶಿಗನ್‌ನ ಆನ್ ಆರ್ಬರ್ ಕಡೆಯವರು. ‘ನಮ್ಮ ಹಿರಿಯರು ಜರ್ಮನಿಯಿಂದ ಬಂದವರು’ ಎನ್ನುವುದಕ್ಕಿಂತ ಹೆಚ್ಚಿನದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಆ ಊರು ನೋಡಿ ಬರೋಣ ಎಂದು ಮಾತಾದಾಗ, ಯಾವ ಊರು ಎಂದು ಹುಡುಕುವ ಕೆಲಸ ನಾನು ಹೊತ್ತುಕೊಂಡೆ.

ಹೀಗೆ ಹೊರಡುವವರಿಗೆಲ್ಲ ನಾನು ಒತ್ತಿ ಹೇಳುವುದು ಒಂದೇ ಮಾತು: ಹಳ್ಳಿಯ ಹೆಸರು ಖಚಿತವಾಗುವ ತನಕ ಜರ್ಮನಿಯ ದಾಖಲೆಗಳಿಗೆ ಕೈ ಹಾಕಬೇಡಿ. ದೇಶದಾದ್ಯಂತ ಸರ್ಕಾರಿ ಜನನ–ಮರಣ ನೋಂದಣಿ ಶುರುವಾದದ್ದೇ 1876ರಲ್ಲಿ. ಬಹುತೇಕ ಕಡೆ ಅದಕ್ಕಿಂತ ಹಿಂದಿನದೆಲ್ಲ ಆಯಾ ಊರಿನ ಚರ್ಚ್ ಪುಸ್ತಕದಲ್ಲೇ ಇದೆ. ಊರು ಗೊತ್ತಿಲ್ಲದಿದ್ದರೆ ಯಾವ ಪುಸ್ತಕ ತೆರೆಯುತ್ತೀರಿ?

ಅಮೆರಿಕದ ಜನಗಣತಿಯಲ್ಲಿ ನಮ್ಮವರ ಹುಟ್ಟಿದ ಸ್ಥಳ ‘ವುರ್ಟೆಂಬರ್ಗ್’ ಎಂದಷ್ಟೇ ಇತ್ತು, ಅದು ಜರ್ಮನಿಯ ನೈಋತ್ಯದ ಹಳೆಯ ರಾಜ್ಯ. ಜರ್ಮನಿ ಒಂದು ದೇಶವಾದದ್ದು 1871ರಲ್ಲಿ. ಅದಕ್ಕೆ ಮೊದಲು ಹೊರಟವರು ತಮ್ಮ ರಾಜ್ಯದ ಹೆಸರನ್ನೇ ಹೇಳುತ್ತಿದ್ದರು. ಹಡಗಿನ ಪಟ್ಟಿಯಿಂದಲೂ ಪ್ರಯೋಜನವಾಗಲಿಲ್ಲ. ಹ್ಯಾಂಬರ್ಗ್ ಬಂದರಿನ ಪಟ್ಟಿಗಳು 1850ರಿಂದ ಉಳಿದಿವೆ, ಅವುಗಳಲ್ಲಿ ಊರೂ ಇರುತ್ತದೆ. ಬ್ರೆಮೆನ್‌ನವು ಬಹುಪಾಲು ನಾಶವಾಗಿವೆ. ದಕ್ಷಿಣದವರಂತೂ ಎಷ್ಟೋ ಜನ ಫ್ರಾನ್ಸಿನ ಲ ಹಾವ್ರ್ ಬಂದರಿನಿಂದಲೇ ಹಡಗು ಹತ್ತಿದವರು.

ಉತ್ತರ ಇದ್ದದ್ದು ಆನ್ ಆರ್ಬರ್‌ನಲ್ಲೇ, ವಲಸೆ ಬಂದವರು ಕಟ್ಟಿಕೊಂಡ ಜರ್ಮನ್ ಚರ್ಚಿನ ದಫನದ ಪುಸ್ತಕದಲ್ಲಿ. ಪಾದ್ರಿಗಳು ತಮ್ಮ ಸಭೆಯವರ ಹುಟ್ಟೂರನ್ನು ಬರೆದಿಡುತ್ತಿದ್ದರು. ಅಲ್ಲಿ ಜರ್ಮನ್ ಸಭೆ ಕಟ್ಟಿದ ಫ್ರೀಡ್ರಿಶ್ ಷ್ಮಿಡ್ 1833ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್‌ನಿಂದ ಬಂದವರು ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಮರುವರ್ಷ, 1834ರಲ್ಲಿ, ಅದೇ ಮಿಶನ್ ನಮ್ಮ ಮಂಗಳೂರಿಗೆ ಕಾಲಿಟ್ಟಿತ್ತು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ವುರ್ಟೆಂಬರ್ಗ್‌ನ ಬ್ರಾಕೆನ್‌ಹೈಮ್‌ನವರೇ. ನನ್ನ ತವರಿಗೂ ಗಂಡನ ಮನೆಗೂ ಇಂಥ ನಂಟು ಇದ್ದೀತೆಂದು ಯಾರು ಎಣಿಸಿದ್ದರು!

ಆ ಪುಸ್ತಕದಲ್ಲಿದ್ದದ್ದು: ‘ವೈಲರ್, ಓ.ಎ. ಷೋರ್ನ್‌ಡೋರ್ಫ್’. ವೈಲರ್ ಎಂಬ ಊರುಗಳು ಜರ್ಮನಿಯಲ್ಲಿ ಹೆಜ್ಜೆಹೆಜ್ಜೆಗೂ ಇವೆ. ನಮ್ಮನ್ನು ದಡ ಸೇರಿಸಿದ್ದು ‘ಓ.ಎ.’ ಎಂಬ ಎರಡಕ್ಷರ. ಅದು ಓಬರಾಮ್ಟ್, ಅಂದರೆ ನಮ್ಮ ತಾಲ್ಲೂಕಿನಂಥದ್ದು. ಇಂಥ ಊರುಗಳನ್ನು ಬೇರ್ಪಡಿಸಲು 1912ರ ಮೇಯರ್ಸ್ ಗೆಜೆಟಿಯರ್ ಎಂಬ ಊರುಗಳ ಕೋಶ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮದು ಸ್ಟುಟ್‌ಗಾರ್ಟ್‌ನ ಪೂರ್ವಕ್ಕೆ, ರೆಮ್ಸ್ ನದಿಯ ದಂಡೆಯ ವೈಲರ್.

ಮುಂದಿನ ದಾರಿ ಸಲೀಸು. ಪ್ರಾಟೆಸ್ಟಂಟ್ ಚರ್ಚ್ ಪುಸ್ತಕಗಳಿಗೆ ಆರ್ಕಿಯಾನ್ ಜಾಲತಾಣ, ಚಂದಾ ಕಟ್ಟಬೇಕು. ಕ್ಯಾಥೊಲಿಕ್ ಆದರೆ ಮೆಟ್ರಿಕುಲಾ ನೋಡಿ, ದುಡ್ಡಿಲ್ಲ. ಕಷ್ಟವಿದ್ದದ್ದು ಲಿಪಿಯಲ್ಲಿ. ಕುರೆಂಟ್ ಎಂಬ ಆ ಹಳೆಯ ಕೈಬರಹ ಶಾನುಭೋಗರ ಕಡತದ ಮೋಡಿ ಅಕ್ಷರದಂತೆ, ಬಲ್ಲವರಿಗೆ ಮಾತ್ರ ಬಾಯಿ ಬಿಡುತ್ತದೆ. ಅದರಲ್ಲಿ ‘ಇ’ (e) ಅಕ್ಷರ ಥೇಟ್ ‘ಎನ್’ (n) ಹಾಗೆ ಕಾಣುತ್ತದೆ. ‘ಯು’ (u) ಮೇಲೆ ಪುಟ್ಟ ಕೊಂಕು ಇದ್ದರೆ ಮಾತ್ರ ಗುರುತು ಹತ್ತುತ್ತದೆ. ಬರೀ ನೋಡಿ ಕಲಿಯಲಾಗದು. ನಾನು ಮನೆಯವರೆಲ್ಲರ ಹೆಸರನ್ನು ಆ ಲಿಪಿಯಲ್ಲಿ ತಿದ್ದಿ ತಿದ್ದಿ ಬರೆದೆ, ಆಮೇಲೆ ಕಣ್ಣು ಪಳಗಿತು.

ವುರ್ಟೆಂಬರ್ಗ್‌ನವರ ಅದೃಷ್ಟವೆಂದರೆ 1808ರಿಂದ ಅಲ್ಲಿನ ಚರ್ಚುಗಳು ಕುಟುಂಬದ ರಿಜಿಸ್ಟರ್ ಇಟ್ಟಿವೆ. ಒಂದು ಸಂಸಾರಕ್ಕೆ ಒಂದು ಪುಟ. ಮೇಲೆ ಗಂಡ, ಹೆಂಡತಿ, ಅವರಿಬ್ಬರ ತಂದೆತಾಯಿ. ಕೆಳಗೆ ಸಾಲಾಗಿ ಮಕ್ಕಳು. ನಮ್ಮ ಪುಟದಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ಹೆಸರಿನ ಪಕ್ಕ ಸಾವಿನ ಶಿಲುಬೆ ಗುರುತು, ಹಲವು ಒಂದು ವರ್ಷವೂ ತುಂಬದವು. ಉಳಿದ ಗಂಡುಮಗನ ಎದುರು ‘ನಾಖ್ ಅಮೇರಿಕಾ, 1854’, ಅಮೆರಿಕಕ್ಕೆ ಹೋದ ಎಂದು. ಓದಿ ಹೇಳಿದಾಗ ಅತ್ತೆ ಕಣ್ಣೊರೆಸಿಕೊಂಡರು.

ಯಾಕೆ ಹೋದ ಎಂದು ಮಕ್ಕಳು ಕೇಳಿದರು. ಆ ಸೀಮೆಯಲ್ಲಿ ಆಸ್ತಿ ಎಲ್ಲ ಮಕ್ಕಳಿಗೂ ಸಮಪಾಲು. ತಲೆಮಾರು ಕಳೆದಂತೆ ದ್ರಾಕ್ಷಿ ತೋಟ ಚೂರುಚೂರಾಗಿ ಹೊಟ್ಟೆಗೆ ಸಾಲದಾಯಿತು. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಬೆಳೆ ಕೈಕೊಟ್ಟಿತು. 1854 ಒಂದೇ ವರ್ಷ 2 ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕಕ್ಕೆ ಬಂದಿಳಿದರು. ಹೋಗುವ ಮುಂಚೆ ಇದು ಮಕ್ಕಳಿಗೆ ಗೊತ್ತಿರಬೇಕು ಎಂಬುದು ನನ್ನ ಹಟ. ಇಲ್ಲದಿದ್ದರೆ ಅವರ ಕಣ್ಣಿಗೆ ಬೀಳುವುದು ಚೆಂದದ ಹೆಂಚಿನ ಮನೆಗಳಷ್ಟೇ.

ಅತ್ತೆಗೆ ಮುಂಚೆಯೇ ಹೇಳಿದ ಇನ್ನೊಂದು ವಿಷಯ: ಮುತ್ತಜ್ಜನ ಸಮಾಧಿ ಹುಡುಕುವುದು ಬೇಡ. ಜರ್ಮನಿಯಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ 20–30 ವರ್ಷದ ಬಾಡಿಗೆಗೆ. ಅವಧಿ ಮುಗಿದು ನವೀಕರಿಸದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ಅದರ ಬದಲು ಊರಿನ ಚರ್ಚ್ ಒಳಗಿಂದ ನೋಡಬೇಕೆಂದು ಪಾದ್ರಿ ಕಚೇರಿಗೆ ಜರ್ಮನ್‌ನಲ್ಲಿ ಚಿಕ್ಕ ಪತ್ರ ಬರೆದೆ. ಹೆಸರು, ಇಸವಿ, ರಿಜಿಸ್ಟರ್ ಪುಟದ ಸಂಖ್ಯೆ ಎಲ್ಲ ಸೇರಿಸಿದ್ದರಿಂದ ಉತ್ತರ ಬೇಗ ಬಂತು, ಬಾಗಿಲು ತೆರೆದು ತೋರಿಸುತ್ತೇವೆ ಎಂದು. ಸ್ಟುಟ್‌ಗಾರ್ಟ್‌ನಿಂದ ಎಸ್2 ಎಂಬ ಉಪನಗರ ರೈಲು ನೇರ ವೈಲರ್‌ಗೇ ಹೋಗುತ್ತದೆ. ಮುಂದಿನ ನಿಲ್ದಾಣ ಷೋರ್ನ್‌ಡೋರ್ಫ್‌ನಲ್ಲಿ ಕಾರು ತಯಾರಿಕೆಯ ಆದ್ಯರಲ್ಲೊಬ್ಬರಾದ ಗಾಟ್ಲೀಬ್ ಡೈಮ್ಲರ್ ಹುಟ್ಟಿದ ಮನೆಯಿದೆ. ಕಾರಿನ ಹುಚ್ಚಿನ ಮಗನಿಗೆ ಮಧ್ಯಾಹ್ನ ಅದು, ಬೆಳಿಗ್ಗೆ ಅಜ್ಜಿಯ ಜೊತೆ ಚರ್ಚ್. ಟಿಕೆಟ್ ಆಮೇಲೆ ತೆಗೆಸಿದೆವು.