ಕಾಲೇಜಿನ ತಾರಸಿಯ ಮೇಲೊಂದು ಗ್ರೌಂಡ್ ಸ್ಟೇಷನ್: ನಾವು ಕಟ್ಟಿದ ಬಗೆ

ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ನಮ್ಮದು ಬೆಂಗಳೂರಿನಿಂದ ದೂರ ಇರುವ, ಜಿಲ್ಲಾ ಕೇಂದ್ರದ ಒಂದು ಎಂಜಿನಿಯರಿಂಗ್ ಕಾಲೇಜು. ಇತ್ತೀಚಿನ ವರ್ಷಗಳಲ್ಲಿ ನಿಮ್ಮ ವಿಭಾಗದ ಒಳ್ಳೆಯ ಸಾಧನೆ ಯಾವುದು ಎಂದು ಯಾರಾದರೂ ಕೇಳಿದರೆ ಅವರನ್ನು ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ನೀರಿನ ಟ್ಯಾಂಕಿನ ಪಕ್ಕ ಒಂದು ಪಿವಿಸಿ ಪೈಪು ನಿಂತಿದೆ. ಅದರ ತುದಿಯಲ್ಲಿ ಎರಡು ಅಲ್ಯೂಮಿನಿಯಂ ಕಡ್ಡಿಗಳಿವೆ. ನಮ್ಮ ಮಕ್ಕಳು ಹವಾಮಾನ ಉಪಗ್ರಹಗಳಿಂದ ನೇರವಾಗಿ ಚಿತ್ರ ಇಳಿಸಿಕೊಳ್ಳುವುದು ಇದರಿಂದಲೇ. ಹೇಗೆ ಮಾಡಿದಿರಿ ಎಂದು ಬೇರೆ ಕಾಲೇಜಿನವರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಉಪಗ್ರಹದ ಆಸೆಯಿಂದ. 2010ರ ಜುಲೈ 12ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ15 ರಾಕೆಟ್ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹೊತ್ತು ಹೋಯಿತು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಅದನ್ನು ಕಟ್ಟಿದ್ದರು. ತೂಕ ಒಂದು ಕೆಜಿಯೂ ಇರಲಿಲ್ಲ. 2016ರ ಸೆಪ್ಟೆಂಬರ್ 26ರಂದು ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್, ಐಐಟಿ ಬಾಂಬೆಯ ಪ್ರಥಮ್ ಜೊತೆ ಒಂದೇ ರಾಕೆಟ್‌ನಲ್ಲಿ ಹೋಯಿತು. ಈ ಸುದ್ದಿ ಓದಿ ಬೆಳೆದ ಮಕ್ಕಳು ಸ್ಟಾಫ್ ರೂಮಿಗೆ ಬಂದು, "ಮೇಡಂ, ನಾವೂ ಒಂದು ಉಪಗ್ರಹ ಮಾಡೋಣ" ಎಂದರೆ ಬೇಡ ಅನ್ನಲು ಮನಸ್ಸು ಬರುತ್ತದೆಯೇ?

ಬೇಡ ಅನ್ನಲಿಲ್ಲ. ಆದರೆ ಕೆಲಸವನ್ನು ಇನ್ನೊಂದು ತುದಿಯಿಂದ ಹಿಡಿಯೋಣ ಎಂದೆ. ಉಪಗ್ರಹ ಅಂದರೆ ವೈಬ್ರೇಷನ್ ಟೆಸ್ಟ್ ಬೇಕು, ಬಾಹ್ಯಾಕಾಶದಂಥ ನಿರ್ವಾತ, ಬಿಸಿ, ಚಳಿ ಉಂಟುಮಾಡುವ ಥರ್ಮೋವ್ಯಾಕ್ ಛೇಂಬರ್ ಬೇಕು, ದುಡ್ಡು ಬೇಕು. ಎಲ್ಲಕ್ಕಿಂತ ಜಾಸ್ತಿ ವರ್ಷಗಳು ಬೇಕು. ನಮ್ಮ ಮಕ್ಕಳು ಇರುವುದೇ ನಾಲ್ಕು ವರ್ಷ. ಮೊದಲ ವರ್ಷ ಫಿಸಿಕ್ಸು, ಮ್ಯಾಥ್ಸಿನಲ್ಲಿ ಹೋಗುತ್ತದೆ. ಕೊನೆಯ ವರ್ಷ ಪ್ಲೇಸ್‌ಮೆಂಟ್ ಓಡಾಟ. ಮಧ್ಯೆ ಉಳಿಯುವ ಎರಡು ವರ್ಷದಲ್ಲಿ ಕಲಿತದ್ದನ್ನು ಅವರು ಹೋಗುವಾಗ ಜೊತೆಗೇ ಒಯ್ಯುತ್ತಾರೆ. ಉಪಗ್ರಹ ಯಾರದ್ದೇ ಆಗಲಿ, ಕೆಳಗೆ ಕೇಳುವವರು ಬೇಕೇ ಬೇಕು. ಕೇಳುವುದಕ್ಕೆ ರಾಕೆಟ್ ಬೇಡ, ಇಂದೇ ಶುರು ಮಾಡಬಹುದು. ಪ್ರತಿ ಬ್ಯಾಚೂ ಮುಂದುವರಿಸಬಹುದು. ಆಗ ಹಾಗೆ ಅನ್ನಿಸಿತ್ತು, ಈಗಲೂ ಹಾಗೇ ಅನ್ನಿಸುತ್ತದೆ.

ಸಾಮಾನಿನ ಪಟ್ಟಿ ಚಿಕ್ಕದು. ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾಡಿದ್ದ ಯುಎಸ್‌ಬಿ ಡಾಂಗಲ್‌ಗಳು ಇದ್ದವಲ್ಲ, ಅವುಗಳ ಒಳಗಿನ ಆರ್‌ಟಿಎಲ್2832ಯು ಚಿಪ್ಪನ್ನು ರೇಡಿಯೋ ಆಗಿ ಬಳಸಬಹುದು ಎಂದು ಹವ್ಯಾಸಿಗಳು 2012ರ ಹೊತ್ತಿಗೆ ಕಂಡುಕೊಂಡರು. ಈಗ ಅದಕ್ಕೆಂದೇ ಮಾಡಿದ ಡಾಂಗಲ್ ಸಿಗುತ್ತದೆ. ಸುಮಾರು 24 ಮೆಗಾಹರ್ಟ್ಸ್‌ನಿಂದ 1.7 ಗಿಗಾಹರ್ಟ್ಸ್‌ವರೆಗೆ ಏನು ಬೇಕಾದರೂ ಕೇಳಿಸಿಕೊಳ್ಳುತ್ತದೆ. ಲ್ಯಾಬಿನ ಹಳೆಯ ಕಂಪ್ಯೂಟರ್ ಒಂದಿತ್ತು. ಆಂಟೆನಾವನ್ನು ನಾವೇ ಮಾಡಿದೆವು.

ಆಂಟೆನಾ ಮಾಡಿದ ದಿನ ಕ್ಲಾಸಿನಲ್ಲಿ ಕಾಣದ ಮುಖಗಳನ್ನು ಕಂಡೆ. ನಾವು ಹಿಡಿಯುವ ಹವಾಮಾನ ಉಪಗ್ರಹಗಳು ಚಿತ್ರ ಕಳಿಸುವುದು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಂದರೆ ತರಂಗದ ಉದ್ದ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದರ ಕಾಲು ಭಾಗ ಹಿಡಿದು, ಸ್ವಲ್ಪ ಮೊಟಕು ಮಾಡಿದರೆ ಒಂದೊಂದು ಕಡ್ಡಿ 53 ಸೆಂಟಿಮೀಟರ್ ಚಿಲ್ಲರೆ. ಎರಡೂ ಕಡ್ಡಿಗಳ ನಡುವೆ 120 ಡಿಗ್ರಿ. ಮಲಗಿಸಿದ ವಿ ಆಕಾರ, ಮೊನೆ ಉತ್ತರ-ದಕ್ಷಿಣದ ಗೆರೆಗೆ. ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಓಡುವುದರಿಂದ ಹೀಗೆ ಇಟ್ಟರೆ ತಿರುಗಿಸುವ ಮೋಟರೇ ಬೇಡ. ಪರೀಕ್ಷೆಯಲ್ಲಿ ಎರಡು ಕಡ್ಡಿಯ ಆಂಟೆನಾದ, ಅಂದರೆ ಡೈಪೋಲ್‌ನ ರೇಡಿಯೇಷನ್ ಪ್ಯಾಟರ್ನ್ ಚಿತ್ರ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದ ಹುಡುಗಿಯೊಬ್ಬಳು ಹ್ಯಾಕ್ಸಾ ಹಿಡಿದು ಕಡ್ಡಿ ಕತ್ತರಿಸಿದಳು. "ಮೇಡಂ, ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೆ ಏನಾಗುತ್ತೆ?" ಎಂದು ಕೇಳಿದಳು. ಮಾಡಿ ನೋಡು ಎಂದೆ. ಆಂಟೆನಾ ಯಾವ ಕಂಪನಾಂಕಕ್ಕೆ ಹೊಂದುತ್ತದೆ ಎಂದು ಅಳೆಯುವ, ಲ್ಯಾಬಿನ ನೆಟ್‌ವರ್ಕ್ ಅನಲೈಜರ್ ಅನ್ನು ಅಂತಹ ಪ್ರಶ್ನೆಗಾಗಿ ಯಾರೋ ಆನ್ ಮಾಡಿದ್ದನ್ನು ನಾನು ಅವತ್ತೇ ನೋಡಿದ್ದು.

ಆಗಿನ್ನೂ ಅಮೆರಿಕದ ನೋವಾ ಸರಣಿಯ ಹಳೆಯ ಹವಾಮಾನ ಉಪಗ್ರಹಗಳು ಕೆಲಸ ಮಾಡುತ್ತಿದ್ದವು. ನೋವಾ-15 ಹಾರಿದ್ದು 1998ರಲ್ಲಿ, ಅಂದರೆ ನಮ್ಮ ಮಕ್ಕಳು ಹುಟ್ಟುವ ಮೊದಲು. ಉಪಗ್ರಹ ದಿಗಂತದ ಮೇಲೆ ಬಂದು ಮರೆಯಾಗುವವರೆಗೆ ಹೆಚ್ಚೆಂದರೆ ಹದಿನೈದು ನಿಮಿಷ. ಇದನ್ನೇ ಒಂದು ಪಾಸ್ ಅನ್ನುತ್ತೇವೆ. ಮೊದಲು ಬರೀ ಗೊರಗೊರ ಸದ್ದು. ಆಮೇಲೆ ಅದರೊಳಗಿಂದ ಟಿಕ್ ಟಿಕ್ ಎಂಬ ತಾಳ ಏಳುತ್ತದೆ. ಸೆಕೆಂಡಿಗೆ ಎರಡು ಸಾಲಿನಂತೆ ಚಿತ್ರ ಬಿಚ್ಚಿಕೊಳ್ಳುತ್ತದೆ. ನಮಗೆ ಸಿಕ್ಕ ಮೊದಲ ಪಾಸ್ ದಕ್ಷಿಣದಿಂದ ಉತ್ತರಕ್ಕೆ ಹೋಗುವಂಥದ್ದು. ಹಾಗಾಗಿ ಚಿತ್ರ ತಲೆಕೆಳಗಾಗಿ ಬಂತು. ಶ್ರೀಲಂಕಾ ಮೇಲೆ, ಅದರ ಕೆಳಗೆ ನಮ್ಮ ಪರ್ಯಾಯ ದ್ವೀಪ. ಮಳೆಗಾಲ ಅದು. ಘಟ್ಟದ ಉದ್ದಕ್ಕೂ, ಕೇರಳದಿಂದ ಕಾರವಾರದ ತನಕ, ಮೋಡ ಬೆಳ್ಳಗೆ ಕವಿದಿತ್ತು. ಹೊರಗೆ ಜಿಟಿಜಿಟಿ ಮಳೆ. ಈ ಮಳೆಯ ಮೇಲ್ಭಾಗವನ್ನೇ ನೋಡುತ್ತಿದ್ದೀವಿ ಅಲ್ವಾ ಎಂದು ಒಬ್ಬ ಹೇಳಿದ. ಆ ಮಾತಿನ ಮುಂದೆ ನಾನು ಹೇಳುವಂಥದ್ದು ಏನೂ ಇರಲಿಲ್ಲ.

ಆಮೇಲಿನ ದೊಡ್ಡ ಕಾಟ ಅಂದರೆ ಗದ್ದಲ. ಜನರ ಗದ್ದಲ ಅಲ್ಲ, ರೇಡಿಯೋ ಗದ್ದಲ. ಸಂಜೆಯ ಪಾಸ್‌ಗಳಲ್ಲಿ ಚಿತ್ರದ ತುಂಬ ಗೆರೆ. ಯಾವ ಕಂಪನಾಂಕದಲ್ಲಿ ಎಷ್ಟು ಸಿಗ್ನಲ್ ಎಂದು ತೋರಿಸುತ್ತಾ ಸ್ಕ್ರೀನಿನ ಮೇಲೆ ಹರಿಯುವ ವಾಟರ್‌ಫಾಲ್ ಚಿತ್ರದಲ್ಲಿ ಉದ್ದುದ್ದ ಕಂಬಗಳು. ಮಕ್ಕಳು ಕಾರಣ ಹುಡುಕಿದ ರೀತಿ ನನಗೆ ತುಂಬಾ ಹಿಡಿಸಿತು. ಒಬ್ಬಳು ಸ್ಕ್ರೀನಿನ ಮುಂದೆ ಕೂತಳು. ಇನ್ನೊಬ್ಬ ಕಾರಿಡಾರಿನಲ್ಲಿ ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹೋದ. ಮೇಲಿನ ಮಹಡಿಯ ಎಲ್‌ಇಡಿ ಟ್ಯೂಬುಗಳು ಆರಿದ ತಕ್ಷಣ ಕಂಬಗಳೂ ಮಾಯ. ಅಗ್ಗದ ಡ್ರೈವರ್ ಸರ್ಕ್ಯೂಟುಗಳ ಸ್ವಿಚಿಂಗ್ ನಾಯ್ಸ್ ಅದು. ಆಂಟೆನಾವನ್ನು ಅಲ್ಲಿಂದ ದೂರ, ಟ್ಯಾಂಕಿನ ಕಡೆಗೆ ಸರಿಸಿದೆವು. ಕೇಬಲ್ಲಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದೆವು. ಎಫ್‌ಎಂ ಸ್ಟೇಷನ್ನಿನ ಅಬ್ಬರ ತಡೆಯಲು ಒಂದು ಫಿಲ್ಟರ್ ಕೂಡ ಸೇರಿಸಿದೆವು.

2025ರಲ್ಲಿ ಆಟದ ರೀತಿಯೇ ಬದಲಾಯಿತು. ಜೂನ್‌ನಲ್ಲಿ ನೋವಾ-18, ಆಗಸ್ಟ್‌ನಲ್ಲಿ ನೋವಾ-19 ಮತ್ತು ನೋವಾ-15 ನಿವೃತ್ತಿಯಾದವು. ಕೆಲವರು ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಇದು ಪಾಠಕ್ಕೆ ಒಳ್ಳೆಯ ತಿರುವು ಅನ್ನಿಸಿತು. ಅದೇ ಆಂಟೆನಾದಲ್ಲಿ ರಷ್ಯಾದ ಮೀಟಿಯೋರ್-ಎಂ ಉಪಗ್ರಹಗಳನ್ನು ಹಿಡಿಯಬಹುದು. 2023ರ ಜೂನ್‌ನಲ್ಲಿ ಒಂದು, 2024ರ ಫೆಬ್ರವರಿಯಲ್ಲಿ ಇನ್ನೊಂದು ಹಾರಿವೆ. ನೋವಾ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 4 ಕಿಲೋಮೀಟರ್. ಮೀಟಿಯೋರ್‌ನಲ್ಲಿ ಸುಮಾರು 1 ಕಿಲೋಮೀಟರ್. ಆದರೆ ಇದು ಡಿಜಿಟಲ್. ನೋವಾದಲ್ಲಿ ಸಿಗ್ನಲ್ ಕುಂದಿದರೆ ಚಿತ್ರ ಮಸುಕಾಗುತ್ತಿತ್ತು, ಅಷ್ಟೇ. ಇಲ್ಲಿ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಕರಿ ಪಟ್ಟಿ.

ಸ್ಯಾಟ್‌ಡಂಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಸಿಗ್ನಲ್ಲಿನ ಕಾನ್‌ಸ್ಟೆಲೇಷನ್, ಅಂದರೆ ಬಂದ ಒಂದೊಂದು ಸಂಕೇತವನ್ನೂ ಒಂದು ಚುಕ್ಕೆಯಾಗಿ ತೋರಿಸುವ ಚಿತ್ರ, ಕಣ್ಣ ಮುಂದೆ ಕಾಣುತ್ತದೆ. ಉಪಗ್ರಹ ಕೆಳಗಿರುವಾಗ ಚುಕ್ಕೆಗಳೆಲ್ಲ ಚೆಲ್ಲಾಪಿಲ್ಲಿ. ಮೇಲೇರುತ್ತಿದ್ದಂತೆ ಅವು ನಾಲ್ಕು ಗುಂಪಾಗಿ ಕೂಡಿಕೊಳ್ಳುತ್ತವೆ. ಗುಂಪು ಇನ್ನೂ ಸರಿಯಾಗಿ ಬಿಡಿಸಿಕೊಳ್ಳುವ ಮೊದಲೇ ಚಿತ್ರದ ಸಾಲುಗಳು ಬರಲು ಶುರುವಾಗುತ್ತವೆ. ಇದು ಹೇಗೆ ಮೇಡಂ ಎಂದರು. ವಿಟರ್ಬಿ, ರೀಡ್-ಸಾಲಮನ್ ಎಂದೆ. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸುವ ವಿಧಾನಗಳು ಇವು. ಅಲ್ಲಿಯವರೆಗೆ ಅವೆರಡೂ ಅವರಿಗೆ ಒಂದು ಮಾಡ್ಯೂಲಿನ ಹತ್ತು ಮಾರ್ಕಿನ ಪ್ರಶ್ನೆ. ಅವತ್ತಿನ ಮೇಲೆ ಎರರ್ ಕರೆಕ್ಷನ್ ಪಾಠವನ್ನು ನಾನು ಬೋರ್ಡಿನಿಂದ ಶುರು ಮಾಡುವುದನ್ನೇ ಬಿಟ್ಟೆ. ರೆಕಾರ್ಡ್ ಮಾಡಿದ ಪಾಸ್ ಹಾಕುತ್ತೇನೆ, ಡಿಕೋಡರ್ ಆಫ್ ಮಾಡಿ ತೋರಿಸುತ್ತೇನೆ, ಆಮೇಲೆ ಆನ್ ಮಾಡುತ್ತೇನೆ. ಉಪಗ್ರಹದ ಓಟದಿಂದ ಕಂಪನಾಂಕ ಬದಲಾಗುವ ಡಾಪ್ಲರ್ ಪಾಠಕ್ಕೂ ಹಾಗೇ. ಒಂದು ಪಾಸ್‌ನಲ್ಲಿ ಕಂಪನಾಂಕ ಆಚೆಈಚೆ ಸುಮಾರು 3 ಕಿಲೋಹರ್ಟ್ಸ್ ಸರಿಯುತ್ತದೆ. ಆ ವಕ್ರರೇಖೆಯಿಂದ ಉಪಗ್ರಹ ನಮಗೆ ಅತಿ ಹತ್ತಿರ ಬಂದ ಕ್ಷಣವನ್ನು ಮಕ್ಕಳೇ ಲೆಕ್ಕ ಹಾಕುತ್ತಾರೆ.

ಒಂದು ವಿಷಯ ಒತ್ತಿ ಹೇಳಬೇಕು. ರಾತ್ರಿಯ ಪಾಸ್‌ಗಳಿಗೆ ಹುಡುಗರು ಬರುತ್ತಿದ್ದರು, ಹುಡುಗಿಯರಿಗೆ ಹಾಸ್ಟೆಲಿನ ಗೇಟು ಅಡ್ಡ. ಆಂಟೆನಾ ಮಾಡಿದವರೇ ಚಿತ್ರ ಬರುವಾಗ ಇಲ್ಲ ಅಂದರೆ ಅದು ಸರಿಯಲ್ಲ. ಗೇಟಿನ ಸಮಯ ಬದಲಾಯಿಸುವುದು ನನ್ನ ಕೈಯಲ್ಲಿರಲಿಲ್ಲ. ಹಾಗಾಗಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು, ಪಾಸ್ ಬಂದಾಗ ತಾನೇ ರೆಕಾರ್ಡ್ ಮಾಡಿಕೊಳ್ಳುವಂತೆ ಮಾಡಿದೆವು. ಆ ಸ್ಕ್ರಿಪ್ಟ್ ಬರೆದವರು ಹಾಸ್ಟೆಲಿನ ಹುಡುಗಿಯರೇ. ರೂಮಿನಲ್ಲಿ ಕೂತು ಲೈವ್ ನೋಡುತ್ತಾರೆ. ನೀವು ಶುರು ಮಾಡುವುದಾದರೆ ಈ ಆಟೋಮೇಷನ್ ಅನ್ನು ಮೊದಲ ದಿನವೇ ಯೋಜನೆಗೆ ಸೇರಿಸಿಕೊಳ್ಳಿ.

ಇನ್ನೊಂದು ನಿಯಮ ಹಸ್ತಾಂತರದ್ದು. ಏಳನೇ ಸೆಮಿಸ್ಟರ್ ಬಂದ ಮೇಲೆ ಸೀನಿಯರ್‌ಗಳು ಸೋಲ್ಡರಿಂಗ್ ಐರನ್ ಮುಟ್ಟುವಂತಿಲ್ಲ. ಎರಡನೇ ವರ್ಷದವರು ಮಾಡಬೇಕು, ಇವರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಪ್ರತಿ ಪಾಸ್‌ನ ವಿವರ, ಪ್ರತಿ ರಿಪೇರಿ, ಮಾಡಿ ನೋಡಿ ಕೈಬಿಟ್ಟ ಪ್ರತಿ ಉಪಾಯ ಲಾಗ್ ಬುಕ್ಕಿನಲ್ಲಿ ಇರಬೇಕು. ಮೊದಲ ಬ್ಯಾಚು ಹೋಗಿಯಾಯಿತು. ಸ್ಟೇಷನ್ನಿನ ಕೆಲಸ ನಿಂತಿಲ್ಲ. ನಾನು ಸಾಧನೆ ಅನ್ನುವುದು ಇದನ್ನೇ.

ಉಪಗ್ರಹದ ಆಸೆ ಏನಾಯಿತು? ಹಾಗೇ ಇದೆ, ಈಗ ಹತ್ತಿರವೂ ಬಂದಿದೆ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಕೆಲಸ ಮುಗಿಸಿದ ಮೇಲೂ ಕಕ್ಷೆಯಲ್ಲಿ ಉಳಿಯುತ್ತದಲ್ಲ, ಅದನ್ನೇ ಇಸ್ರೋ ಪೋಯೆಮ್ ಎಂಬ ಪ್ರಯೋಗ ವೇದಿಕೆ ಮಾಡಿದೆ. 2024ರ ಜನವರಿ 1ರಂದು ತಿರುವನಂತಪುರದ ಎಲ್‌ಬಿಎಸ್ ಮಹಿಳಾ ಎಂಜಿನಿಯರಿಂಗ್ ಕಾಲೇಜಿನ ವಿಸ್ಯಾಟ್ ಅದರ ಮೇಲೆ ಹೋಯಿತು. ಅದೇ ವರ್ಷ ಡಿಸೆಂಬರ್ 30ರಂದು, ಎರಡು ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸುವ ಇಸ್ರೋದ ಸ್ಪೇಡೆಕ್ಸ್ ಪ್ರಯೋಗ ಹಾರಿದ ರಾಕೆಟ್‌ನಲ್ಲೇ, ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ಆರ್‌ವಿಸ್ಯಾಟ್-1 ಹೋಯಿತು. ಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತದೆ ಎಂದು ನೋಡುವ ಪೇಲೋಡ್ ಅದು. ವೇದಿಕೆ ಇಸ್ರೋದ್ದು, ಪ್ರಯೋಗ ನಮ್ಮದು ಎಂಬ ಈ ದಾರಿ ನಮ್ಮಂಥ ಸಣ್ಣ ಕಾಲೇಜುಗಳಿಗೂ ನಿಲುಕುವಂಥದ್ದು ಎಂದು ನಾನು ನಂಬಿದ್ದೇನೆ.

ಸದ್ಯಕ್ಕೆ ಎರಡನೇ ಆಂಟೆನಾ ಏಳುತ್ತಿದೆ. ಇದು 435ರಿಂದ 438 ಮೆಗಾಹರ್ಟ್ಸ್‌ಗೆ. ಬೇರೆ ಬೇರೆ ದೇಶಗಳ ವಿದ್ಯಾರ್ಥಿ ಉಪಗ್ರಹಗಳು ಮಾತಾಡುವುದು ಜಾಸ್ತಿ ಇಲ್ಲೇ. ಇಲ್ಲಿ ಡಾಪ್ಲರ್ 10 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಕೇಬಲ್ಲಿನಲ್ಲಿ ನಷ್ಟವೂ ಜಾಸ್ತಿ, ಹಾಗಾಗಿ ಆಂಪ್ಲಿಫೈಯರ್ ಅನ್ನು ಕಂಬದ ಮೇಲೆಯೇ ಕೂರಿಸಬೇಕು. ಕೆಲಸ ಮುಗಿದ ಮೇಲೆ ಸ್ಯಾಟ್‌ನಾಗ್ಸ್ ಎಂಬ ಮುಕ್ತ ಜಾಲಕ್ಕೆ ಸೇರುತ್ತೇವೆ. ಆಗ ನಮ್ಮ ತಾರಸಿಯಲ್ಲಿ ಹಿಡಿದ ಸಿಗ್ನಲ್ ಆ ಉಪಗ್ರಹ ಕಟ್ಟಿದ ಮಕ್ಕಳಿಗೂ ಸಿಗುತ್ತದೆ. ಆಂಪ್ಲಿಫೈಯರ್ ಡಬ್ಬಿಗೆ ಮಳೆ ನೀರು ಹೋಗದಂತೆ ಮಾಡುವ ಕೆಲಸ ಬಾಕಿ ಇದೆ, ಅದನ್ನು ಎರಡನೇ ವರ್ಷದವರು ವಹಿಸಿಕೊಂಡಿದ್ದಾರೆ.