ಪುಣೆಯ ಮನೆ ತೆರಿಗೆ: ಶೇ 40ರ ರಿಯಾಯಿತಿ ನಿಮ್ಮ ಬಿಲ್ಲಿನಲ್ಲಿದೆಯೇ?

ಒಂದೇ ಕಟ್ಟಡದಲ್ಲಿ, ಒಂದೇ ಅಳತೆಯ ಎರಡು ಫ್ಲಾಟುಗಳಿಗೆ ಪುಣೆ ಮಹಾನಗರಪಾಲಿಕೆಯಿಂದ ಬರುವ ತೆರಿಗೆ ಬಿಲ್ಲಿನ ಮೊತ್ತ ಬೇರೆ ಬೇರೆಯಾಗಿರುವುದುಂಟು. ಹೊಸದಾಗಿ ಮನೆ ಕೊಂಡ ಕನ್ನಡಿಗರು ಇದನ್ನು ಕಂಡು ಪಾಲಿಕೆಯ ಲೆಕ್ಕವೇ ತಪ್ಪಿದೆಯೆಂದು ತಿಳಿಯುತ್ತಾರೆ. ಬಹಳ ಸಲ ಇದಕ್ಕೆ ಕಾರಣ ಸ್ವಂತ ವಾಸದ ಮನೆಗೆ ಸಿಗುವ ಶೇ 40ರ ರಿಯಾಯಿತಿ. ಅದು ಒಬ್ಬರ ಖಾತೆಯಲ್ಲಿ ದಾಖಲಾಗಿರುತ್ತದೆ, ಇನ್ನೊಬ್ಬರದರಲ್ಲಿ ಆಗಿರುವುದಿಲ್ಲ.

ಮಾಲೀಕರೇ ವಾಸಿಸುವ ಮನೆಯ ವಾರ್ಷಿಕ ಕರಯೋಗ್ಯ ಮೌಲ್ಯದಲ್ಲಿ (ತೆರಿಗೆಯ ಲೆಕ್ಕಕ್ಕೆ ಆಧಾರವಾದ ಮೊತ್ತದಲ್ಲಿ) ಶೇ 40ರಷ್ಟನ್ನು ಬಿಡುವ ಪದ್ಧತಿ ಪುಣೆಯಲ್ಲಿ 1970ರಿಂದ ಇತ್ತು. ಲೆಕ್ಕಪರಿಶೋಧನೆಯ ಆಕ್ಷೇಪದ ನಂತರ 2018ರಲ್ಲಿ ರಾಜ್ಯ ಸರ್ಕಾರ ಅದನ್ನು ರದ್ದುಗೊಳಿಸಿದ್ದರಿಂದ, 2019ರ ಏಪ್ರಿಲ್ ನಂತರ ನೋಂದಣಿಯಾದ ಮನೆಗಳಿಗೆ ಪೂರ್ಣ ತೆರಿಗೆ ಬೀಳತೊಡಗಿತು. ನಾಗರಿಕರ ವಿರೋಧ ಜೋರಾದ ಮೇಲೆ 2023ರಲ್ಲಿ ರಾಜ್ಯ ಸಚಿವ ಸಂಪುಟ ರಿಯಾಯಿತಿಯನ್ನು ಮರಳಿ ಕೊಟ್ಟಿತು. ಆದರೆ ರದ್ದತಿಯ ಕಾಲದಲ್ಲಿ ಅದನ್ನು ಕಳೆದುಕೊಂಡವರೂ ಹೊಸ ಮಾಲೀಕರೂ ಪಿಟಿ-3 ಎಂಬ ನಮೂನೆಯಲ್ಲಿ ಅರ್ಜಿ ಕೊಡಬೇಕಾಯಿತು. ಸರ್ಕಾರ ಕೊಟ್ಟಿದ್ದನ್ನು ನಾಗರಿಕರು ಮತ್ತೆ ಕೇಳಿ ಪಡೆಯಬೇಕಾದ ಈ ಏರ್ಪಾಡು ನ್ಯಾಯವೇ ಎಂಬ ಪ್ರಶ್ನೆ ಇದ್ದೇ ಇದೆ. ಅರ್ಜಿ ಕೊಡದೆ ಗತಿಯಿಲ್ಲ ಎಂಬುದು ಮಾತ್ರ ವಾಸ್ತವ.

ಮೊದಲ ಕೆಲಸ ಬಿಲ್ಲನ್ನು ಪೂರ್ತಿ ಓದುವುದು. ಸಾಮಾನ್ಯ ಕರ, ಸಫಾಯಿ ಕರ, ಅಗ್ನಿಶಾಮಕ ಕರ, ವೃಕ್ಷ ಕರ, ಜಲಲಾಭ ಕರ, ಪಥಕರ (ರಸ್ತೆ ಕರ), ಶಿಕ್ಷಣ ಕರ ಎಂದು ಹಲವು ಸಾಲುಗಳಿರುತ್ತವೆ. ಇವುಗಳ ಬುಡದಲ್ಲಿರುವುದು ಕರಯೋಗ್ಯ ಮೌಲ್ಯ, ಅಂದರೆ ಮನೆಗೆ ಬರಬಹುದಾದ ಬಾಡಿಗೆಯನ್ನು ಅಂದಾಜಿಸಿ ನಿಗದಿಪಡಿಸಿದ ಅಂಕಿ. ಉದಾಹರಣೆಗೆ ಅದು 50,000 ರೂಪಾಯಿ ಇದ್ದರೆ, ರಿಯಾಯಿತಿ ಸಿಕ್ಕಾಗ ತೆರಿಗೆಯ ಲೆಕ್ಕ 30,000 ರೂಪಾಯಿಯ ಮೇಲೆ ನಡೆಯುತ್ತದೆ. ಪಾಲಿಕೆಯ ಜಾಲತಾಣದಲ್ಲಿ ಸೆಕ್ಷನ್, ಪೇಠ್ (ಬಡಾವಣೆ) ಮತ್ತು ಖಾತೆ ಸಂಖ್ಯೆಗಳನ್ನು ನಮೂದಿಸಿದರೆ ಬಿಲ್ಲೂ ಬಾಕಿಯೂ ಕಾಣುತ್ತವೆ. ಈ ಮೂರೂ ಹಳೆಯ ಬಿಲ್ಲಿನ ಮೇಲೆಯೇ ಇರುತ್ತವೆ. ಹಿಂದಿನ ವರ್ಷಗಳ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ರಿಯಾಯಿತಿ ಯಾವಾಗ ತಪ್ಪಿತೆಂಬುದೂ ತಿಳಿಯುತ್ತದೆ.

ಹೆಚ್ಚಿನ ಅರ್ಜಿಗಳು ತೊಡಕಿಗೆ ಬೀಳುವುದು ಹೆಸರಿನ ವಿಷಯದಲ್ಲಿ. ಬಿಲ್ಲು ಇನ್ನೂ ಬಿಲ್ಡರ್ ಅಥವಾ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ, ಮೊದಲು ನೋಂದಾಯಿತ ಖರೀದಿ ಪತ್ರದ ಆಧಾರದ ಮೇಲೆ ಹೆಸರು ವರ್ಗಾಯಿಸಿಕೊಳ್ಳಬೇಕು. ಮಹಾವಿತರಣದ ವಿದ್ಯುತ್ ಬಿಲ್ಲಿನಲ್ಲಿ ಹೆಸರು ಬದಲಾದ ಮಾತ್ರಕ್ಕೆ ಪಾಲಿಕೆಯ ದಾಖಲೆ ಬದಲಾಗುವುದಿಲ್ಲ. ಅವೆರಡೂ ಬೇರೆ ಕಚೇರಿಗಳು. ನಮ್ಮವರಿಗೆ ಇನ್ನೊಂದು ತಾಪತ್ರಯವೂ ಇದೆ. ಇಲ್ಲಿಯ ದಾಖಲೆಗಳು ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ನಡೆಯುತ್ತವೆ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ಲಾಗಿ ಇಟ್ಟುಕೊಂಡ ಮೈಸೂರು, ಹಾಸನದ ಕಡೆಯವರ ಹೆಸರು ಖರೀದಿ ಪತ್ರದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಬಿಲ್ಲಿನಲ್ಲಿ ಮೂರನೆಯ ಬಗೆಯಾಗಿ ಉಳಿದಿರುತ್ತದೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಅಡ್ಡಹೆಸರು ಇರುವುದರಿಂದ ಈ ಕಾಟ ಕಡಿಮೆ. ಹೆಸರು ಹೊಂದದಿದ್ದರೆ ಖರೀದಿ ಪತ್ರದಲ್ಲಿರುವಂತೆಯೇ ಬಿಲ್ಲನ್ನು ತಿದ್ದಿಸಿಕೊಂಡು ಮುಂದುವರಿಯುವುದು ಲೇಸು.

ಪಿಟಿ-3 ನಮೂನೆಯ ಜೊತೆ, ಮಾಲೀಕರೇ ವಾಸವಾಗಿದ್ದಾರೆಂದು ಹೌಸಿಂಗ್ ಸೊಸೈಟಿ ಕೊಡುವ ಪತ್ರವನ್ನೂ, ಮತದಾರರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಗ್ಯಾಸ್ ಕಾರ್ಡ್, ರೇಷನ್ ಕಾರ್ಡ್ ಮುಂತಾದ ವಿಳಾಸದ ಪುರಾವೆಯನ್ನೂ ಲಗತ್ತಿಸಬೇಕು. ಪುರಾವೆಯ ಮೇಲೆ ಈ ಮನೆಯದೇ ವಿಳಾಸವಿರಲಿ. ಊರಿನ ವಿಳಾಸವಿರುವ ಕಾರ್ಡು ಇಲ್ಲಿ ಉಪಯೋಗಕ್ಕೆ ಬಾರದು. ಪುಣೆಯಲ್ಲಿ ಇನ್ನೊಂದು ಮನೆಯಿದ್ದರೆ ಅದರ ತೆರಿಗೆ ಬಿಲ್ಲಿನ ಪ್ರತಿಯನ್ನೂ ಸೇರಿಸಬೇಕು. ಬಾಡಿಗೆಗೆ ಕೊಟ್ಟ ಮನೆಗೆ ಈ ರಿಯಾಯಿತಿ ಸಲ್ಲದು.

ಅರ್ಜಿಯನ್ನು ನಿಮ್ಮ ಭಾಗದ ಕ್ಷೇತ್ರೀಯ ಕಾರ್ಯಾಲಯದಲ್ಲಿ ಕೊಡಬಹುದು. ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಆವಕ (ಇನ್ವರ್ಡ್) ಸಂಖ್ಯೆಯಿರುವ ಪೋಚ್, ಅಂದರೆ ಸ್ವೀಕೃತಿ, ಪಡೆಯದೆ ಕಿಟಕಿ ಬಿಟ್ಟು ಬರಬಾರದು. ಮುಂದೆ ಪೇಠ್ ನಿರೀಕ್ಷಕರ ಬಳಿ ವಿಚಾರಿಸುವಾಗ ಕೇಳುವುದು ಅದೇ ಸಂಖ್ಯೆಯನ್ನು. 'ಸಾಹೇಬರು ನೋಡುತ್ತಾರೆ' ಎಂಬ ಉತ್ತರ ಬಂದರೆ ಆ ಸಂಖ್ಯೆಯನ್ನೇ ನಮೂದಿಸಿ ಲಿಖಿತ ಜ್ಞಾಪನಾ ಪತ್ರ ಕೊಡಿ.

ಅರ್ಜಿ ಇತ್ಯರ್ಥವಾಗುವವರೆಗೆ ತೆರಿಗೆ ಕಟ್ಟದೆ ಕೂರುವುದು ಬುದ್ಧಿವಂತಿಕೆಯಲ್ಲ, ಏಕೆಂದರೆ ಬಾಕಿಯ ಮೇಲೆ ತಿಂಗಳಿಗೆ ಶೇ 2ರ ದಂಡ ಬೆಳೆಯುತ್ತದೆ. ಮೊದಲೇ ಕಟ್ಟಿದವರಿಗೆ ಸಾಮಾನ್ಯ ಕರದಲ್ಲಿ ಶೇ 5 ಅಥವಾ 10ರ ವಿನಾಯಿತಿಯೂ ಇರುತ್ತದೆ. ಗಡುವು ವಾಡಿಕೆಯಂತೆ ಮೇ 31, ಕೆಲವು ವರ್ಷ ಮುಂದಕ್ಕೆ ಹೋದದ್ದೂ ಇದೆ. ಈ ವಿನಾಯಿತಿ ಇಡೀ ಬಿಲ್ಲಿಗೆ ಅನ್ವಯಿಸದ ಕಾರಣ ಉಳಿತಾಯ ಎಣಿಸಿದಷ್ಟಿರುವುದಿಲ್ಲ.

ನೀರಿನ ದೂರನ್ನು ಈ ಅರ್ಜಿಯಲ್ಲಿ ಬೆರೆಸಬೇಡಿ. ಪಾಲಿಕೆಯಲ್ಲಿ ಹೊಸದಾಗಿ ಸೇರಿದ ಹಳ್ಳಿಗಳ ನಿವಾಸಿಗಳು ತೆರಿಗೆಯನ್ನೂ ಕಟ್ಟಿ ಟ್ಯಾಂಕರಿಗೂ ದುಡ್ಡು ಸುರಿಯಬೇಕಾಗಿರುವುದು ನಿಜವಾದ ಸಂಕಟವೇ. ಆದರೆ ಅದನ್ನು ನೋಡುವುದು ನೀರು ಸರಬರಾಜು ವಿಭಾಗ, ತೆರಿಗೆ ವಿಭಾಗದ ಗುಮಾಸ್ತರಿಗೆ ಅದರ ಮೇಲೆ ಅಧಿಕಾರವಿಲ್ಲ. ಆ ದೂರನ್ನು ಸೊಸೈಟಿಯ ಲೆಟರ್‌ಹೆಡ್‌ನಲ್ಲಿ, ಟ್ಯಾಂಕರ್ ರಸೀದಿಗಳ ಪ್ರತಿಗಳೊಂದಿಗೆ ಪ್ರತ್ಯೇಕವಾಗಿ ಕೊಟ್ಟು, ಅದಕ್ಕೂ ಪೋಚ್ ಪಡೆಯಿರಿ.